ಟಾಕೀಸಿನ ಗೋಡೆಗೆ ಅಂಟಿಸಿದ ಗಾಜು

ಹೊಸದಾಗಿ ಎಂಜಿನಿಯರ್ ಕೆಲಸಕ್ಕೆ ಸೇರಿದವರು ನನ್ನನ್ನು ಕಂಡಾಗ ಸೇತುವೆಯ ಬಗ್ಗೆ ಕೇಳುತ್ತಾರೆ, ರಸ್ತೆಯ ಬಗ್ಗೆ ಕೇಳುತ್ತಾರೆ. ಹಳೆಯ ಕಟ್ಟಡದ ಬಗ್ಗೆ ಯಾರೂ ಕೇಳುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ನಾನು ಹೆಚ್ಚು ಕಾಲ ಮಾಡಿದ್ದು ಆ ಕೆಲಸವನ್ನೇ. ಜನ ಸೇರುವ ಕಟ್ಟಡಕ್ಕೆ ಹೋಗಿ ಗೋಡೆ, ಚಾವಣಿ, ಬಾಗಿಲು ನೋಡಿ, ಇದರೊಳಗೆ ಜನ ಕೂರಬಹುದು ಎಂದು ಬರೆದುಕೊಡುವುದು. ಬರೆಯುವುದಕ್ಕೆ ಒಂದೇ ಸಾಲು. ಆ ಸಾಲಿನ ಕೆಳಗೆ ಸಹಿ ಹಾಕುವ ಮೊದಲು ಏನೇನು ನೋಡಿರಬೇಕು ಎಂಬುದು ಪುಸ್ತಕಗಳಲ್ಲಿ ಪೂರ್ತಿ ಇಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ. ಹೆಚ್ಚಿನದು ಒಂದೇ ಕಟ್ಟಡದ ವಿಷಯ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ನೆನಪು ಖಚಿತವಿಲ್ಲದ ಕಡೆ ಹಾಗೆಂದೇ ಹೇಳುತ್ತೇನೆ.

ಚಳ್ಳಕೆರೆಯ ಆ ಕಟ್ಟಡವನ್ನು ಊರವರು ಬರೀ ‘ಟಾಕೀಸ್’ ಎನ್ನುತ್ತಿದ್ದರು. ಕಡಲೆಕಾಯಿ ವ್ಯಾಪಾರದ ರುದ್ರಪ್ಪನವರ ತಂದೆ ಅದನ್ನು ಮೊದಲು ಕಟ್ಟಿಸಿದ್ದು ನಾಟಕ ಕಂಪನಿಗಳಿಗಾಗಿ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆ, ಮೇಲೆ ಸುಣ್ಣದ ಗಿಲಾವು, ಮರದ ತೊಲೆಗಳ ಮೇಲೆ ತಗಡು. ನಾಟಕ ನಿಂತು ಸಿನಿಮಾ ಬಂದಾಗ ರಂಗಮಂಚ ಒಡೆದು ಅಲ್ಲಿ ಪರದೆ ಹಾಕಿದರು. ಹಿಂದೆ ಕೂತವರಿಗೂ ಕಾಣಲೆಂದು ಹಿಂಭಾಗಕ್ಕೆ ಮಣ್ಣು ತುಂಬಿ, ನೆಲವನ್ನು ಪರದೆಯ ಕಡೆಗೆ ಇಳಿಜಾರು ಮಾಡಿದರು. ಮಣ್ಣು ತುಂಬಿದ ಕಡೆ, ಅದು ಗೋಡೆಯನ್ನು ಹೊರಕ್ಕೆ ನೂಕದಿರಲೆಂದು, ಗೋಡೆಯ ಬುಡಕ್ಕೆ ಹೊರಗಿನಿಂದ ದಪ್ಪ ಕಲ್ಲಿನ ಒತ್ತು ಕಟ್ಟಿದ್ದರು. ಪರದೆಯ ಕಡೆ ಮಣ್ಣಿರಲಿಲ್ಲ, ಆದ್ದರಿಂದ ಒತ್ತೂ ಇರಲಿಲ್ಲ. ಮುಂದಿನದೆಲ್ಲ ಅರ್ಥವಾಗಬೇಕಾದರೆ ಇಷ್ಟು ಗೊತ್ತಿರಬೇಕು.

ಪರದೆಯ ಹತ್ತಿರ, ಬಡಗಣ ಗೋಡೆಯಲ್ಲಿ, ಹೆಂಗಸರಿಗೆ ಬೇರೆಯೇ ಬಾಗಿಲಿತ್ತು. ಆ ಬಾಗಿಲಿನಲ್ಲಿ ನಿಲ್ಲುತ್ತಿದ್ದವಳು ಮಾರಕ್ಕ. ನಾನು ಮೊದಲು ಕಂಡಾಗ ನಡುವಯಸ್ಸಿನ ಗಟ್ಟಿ ಹೆಂಗಸು. ಟಿಕೀಟು ಹರಿಯುವುದಷ್ಟೇ ಅವಳ ಕೆಲಸವೆಂದು ರುದ್ರಪ್ಪನವರು ತಿಳಿದಿದ್ದರು. ಅವಳು ಹಾಗೆ ತಿಳಿದಿರಲಿಲ್ಲ. ಬಸುರಿಯರನ್ನು ಬೆಂಚಿನ ಬಾಗಿಲ ಕಡೆಯ ತುದಿಗೇ ಕೂರಿಸುವಳು. ಅಳುವ ಕೂಸನ್ನು ತಾಯಿಯ ಮಡಿಲಿನಿಂದ ತಾನೇ ಎತ್ತಿಕೊಂಡು ಹೊರಗೆ ತಂದು ಆಡಿಸುವಳು.

“ಲೇ ಗಂಗೀ, ನಿಮ್ಮತ್ತೆ ಆಗ್ಲೇ ಒಳಗೆ ಬಂದು ಕುಂತವ್ಳೆ. ನೀನು ಆ ಕಡೆ ಕಂಬದ ಹಿಂದೆ ಕುಂತ್ಕ,” ಎಂದು ಹೊಸ ಸೊಸೆಯೊಬ್ಬಳಿಗೆ ಅವಳು ಪಿಸುಗುಟ್ಟಿದ್ದನ್ನು ನಾನೇ ಕೇಳಿದ್ದೇನೆ.

“ನೀವು ಒಳಗೆ ಕೂತು ಒಂದಾದರೂ ಸಿನಿಮಾ ಪೂರ್ತಿ ನೋಡಿದ್ದೀರಾ?” ಎಂದು ಒಮ್ಮೆ ಕೇಳಿದ್ದೆ.

“ಎಲ್ಲಿ ಸಾರ್? ಬಾಗಿಲು ಯಾರು ಕಾಯ್ತಾರೆ? ಹಾಡು ಕೇಳಿಸ್ತವೆ. ಕಥೆ ಹೊರಗೆ ಬಂದೋರು ಹೇಳ್ತಾರೆ. ಒಬ್ಬೊಬ್ರು ಒಂದೊಂದು ಥರ ಹೇಳ್ತಾರೆ, ಅದೇ ಚೆಂದ.”

ಆಗ ನಮ್ಮ ಮೇಲಧಿಕಾರಿಯಾಗಿದ್ದವರು ನಂಜುಂಡಯ್ಯನವರು. ಅವರಿಂದ ಕಲಿತಷ್ಟನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ. ಕಟ್ಟಡಕ್ಕೆ ಹೋದ ತಕ್ಷಣ ಒಳಗೆ ಹೋಗುತ್ತಿರಲಿಲ್ಲ. ಹೊರಗೆ ಒಂದು ಸುತ್ತು ಬಂದು, ನೀರು ಎಲ್ಲಿ ಹೋಗುತ್ತದೆ ಎಂದು ನೋಡುತ್ತಿದ್ದರು. ಆಮೇಲೆ ಕೋಲಿನಿಂದ ಗಿಲಾವನ್ನು ತಟ್ಟುತ್ತಾ ನಡೆಯುವರು. ಪೊಳ್ಳು ಸದ್ದು ಬಂದಲ್ಲಿ ನಿಂತು ನನ್ನ ಕಡೆ ನೋಡುವರು. ನಾನು ತೂಗುಗುಂಡು ಇಳಿಬಿಡಬೇಕು. ದಾರಕ್ಕೂ ಗೋಡೆಗೂ ನಡುವಿನ ಅಂತರ ಮೇಲಿನಿಂದ ಕೆಳಗಿನವರೆಗೆ ಒಂದೇ ಇದ್ದರೆ ಗೋಡೆ ನೆಟ್ಟಗಿದೆ.

ಒಮ್ಮೆ ಕೊಂಡ್ಲಹಳ್ಳಿಗೆ ಟೆಂಟ್ ಸಿನಿಮಾ ಬಂದಿತ್ತು. ಅದನ್ನು ನೋಡಲು ನಾನೊಬ್ಬನೇ ಹೋಗಿದ್ದೆ. ಟೆಂಟಿನ ಮುಖ್ಯ ಹಗ್ಗ ಕಟ್ಟಿದ್ದ ಗೂಟಕ್ಕೇ ಯಾರೋ ಎಮ್ಮೆಯನ್ನೂ ಕಟ್ಟಿದ್ದರು. ಎಮ್ಮೆ ಮಲಗಿ ಮೆಲುಕು ಹಾಕುತ್ತಿತ್ತು.

“ಇದು ಎದ್ದು ಹೊರಟರೆ ಟೆಂಟ್ ಏನಾಗುತ್ತೆ?” ಎಂದೆ.

“ಅದು ಏಳಾಕಿಲ್ಲ ಸಾರ್. ಬಲು ಸಾಧು,” ಎಂದ ಟೆಂಟಿನವನು.

ನಾನು ಈ ಕಥೆಯನ್ನು ನಗುತ್ತಾ ಹೇಳಿದಾಗ ನಂಜುಂಡಯ್ಯನವರು ನಗಲಿಲ್ಲ. “ಎಮ್ಮೆ ಬಿಚ್ಚಿಸಿದಿರೋ ಇಲ್ಲೋ?” ಎಂದು ಮಾತ್ರ ಕೇಳಿದರು. ಬಿಚ್ಚಿಸಿದ್ದೆ.

ಗಾಜಿನ ವಿಷಯವನ್ನೂ ಅವರೇ ಕಲಿಸಿದ್ದು. ಗೋಡೆಯಲ್ಲಿ ಬಿರುಕು ಕಂಡರೆ ಅದು ಹಳೆಯದೋ, ಈಗಲೂ ಬೆಳೆಯುತ್ತಿದೆಯೋ ಕಣ್ಣಿಗೆ ತಿಳಿಯುವುದಿಲ್ಲ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಬೇಕು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಒಡೆದಿಲ್ಲವೆಂದರೆ ಬಿರುಕು ಹಳೆಯದು, ಗೋಡೆ ಸುಮ್ಮನಿದೆ. ಈಗ ಇದಕ್ಕೆ ಗೆರೆ ಹಾಕಿದ ಪ್ಲಾಸ್ಟಿಕ್ ಅಳತೆಪಟ್ಟಿಗಳು ಬಂದಿವೆ, ಅಂಕಿ ಓದಿದರಾಯಿತು. ಆಗ ಗಾಜೇ ಮಾತಾಡಬೇಕಿತ್ತು.

ಮೊಳಕಾಲ್ಮುರು ಕಡೆ ಒಬ್ಬ ಟಾಕೀಸಿನ ಮಾಲೀಕ ಹೀಗೆ ಇಟ್ಟ ಗಾಜಿನ ಮರ್ಮ ತಿಳಿದು, ಅದು ಒಡೆದಾಗ ಬೇರೆ ಗಾಜು ಮೆತ್ತಿಸಿಬಿಟ್ಟಿದ್ದ. ಸಿಮೆಂಟ್ ಇನ್ನೂ ಹಸಿಯಾಗಿದ್ದದ್ದರಿಂದ ನಂಜುಂಡಯ್ಯನವರಿಗೆ ಗೊತ್ತಾಯಿತು. ಕೈ ಒರೆಸಿಕೊಳ್ಳುತ್ತಾ ಜೀಪು ಹತ್ತಿದ ಅವರು ನನಗೆ ಹೇಳಿದ ಮಾತು ಇದು: “ಇನ್ನು ಮೇಲೆ ಗಾಜು ಯಾತಕ್ಕೆ ಅಂತ ಯಾರಿಗೂ ಹೇಳಬೇಡಿ. ‘ಸರ್ಕಾರದ ಗಾಜು, ಮುಟ್ಟಬೇಡಿ, ಜೋಪಾನ’ ಅನ್ನಿ. ಅಷ್ಟು ಸಾಕು.” ಆ ದಿನದಿಂದ ನಮ್ಮ ಕಚೇರಿಯಲ್ಲಿ ಅದೇ ಪದ್ಧತಿಯಾಯಿತು. ಅದು ಆಗ ನನಗೆ ಬುದ್ಧಿವಂತಿಕೆಯಾಗಿಯೇ ಕಂಡಿತು.

ತೊಂಬತ್ತರ ದಶಕದ ನಡುವೆ ಮನೆಮನೆಗೆ ಕೇಬಲ್ ಟಿವಿ ಬಂತು. ಟಾಕೀಸಿನಲ್ಲಿ ಜನ ಕಡಿಮೆಯಾದರು, ಆಮೇಲೆ ಆಟವೇ ನಿಂತಿತು. ರುದ್ರಪ್ಪನವರು ಬೆಂಚುಗಳನ್ನು ತೆಗೆಸಿ ಕಡಲೆಕಾಯಿ ಮೂಟೆ ಒಟ್ಟಿದರು. ಮಾರಕ್ಕನನ್ನು ಬಿಡಿಸಲಿಲ್ಲ, ಕಟ್ಟಡಕ್ಕೆ ಕಾವಲಾಗಿ ಇಟ್ಟುಕೊಂಡರು. ನಾನು ಒಂದು ಸಲ ಆ ದಾರಿಯಲ್ಲಿ ಹೋಗುವಾಗ ಅವಳು ಅದೇ ಹೆಂಗಸರ ಬಾಗಿಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು.

“ಏನ್ ಮಾರಕ್ಕ, ಒಳಗೆ ಯಾವ ಸಿನಿಮಾ?”

“ಇಲಿಗಳ ಸಿನಿಮಾ ಸಾರ್. ಟಿಕೀಟಿಲ್ದೆ ನುಗ್ತವೆ.”

ಗೋದಾಮೂ ಬಹಳ ದಿನ ನಡೆಯಲಿಲ್ಲ. ಊರಲ್ಲಿ ಮದುವೆಗೆ ದೊಡ್ಡ ಜಾಗ ಇಲ್ಲವೆಂದು ಕಂಡ ರುದ್ರಪ್ಪನವರು ಟಾಕೀಸಿಗೆ ಸುಣ್ಣ ಬಳಿಸಿ ಮದುವೆಗೆ ಕೊಡಲು ಶುರುಮಾಡಿದರು. ಮೊದಲ ಮದುವೆಯ ಊಟಕ್ಕೆ ನಾನೂ ಹೋಗಿದ್ದೆ. ನೆಲ ಸಿನಿಮಾ ಕಾಲದ ಇಳಿಜಾರೇ. ಸಾಲಾಗಿ ಎಲೆ ಹಾಕಿದರು, ಅನ್ನ ಬಡಿಸಿದರು, ಸಾರು ಬಡಿಸಿದರು. ಸಾರು ಎಲೆಯಲ್ಲಿ ನಿಲ್ಲದೆ ಪರದೆಯ ಕಡೆಗೆ ಹೊರಟಿತು. ಹಿಂದಿನ ಸಾಲಿನವರ ಸಾರು ಮುಂದಿನ ಸಾಲಿನವರ ಪಂಚೆಗೆ ಬಂತು.

“ಯಾವನಲೇ ಅದು ಸಾರು ಬಿಟ್ಟೋನು!” ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು.

“ಕುಂತ್ಕಳ್ರಿ ಗೌಡ್ರೆ, ಹೋಳಿಗೆ ಬರ್ತೈತೆ. ಅದು ಹರಿಯಂಗಿಲ್ಲ!” ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಟಾಕೀಸು ನಕ್ಕಿತು. ರುದ್ರಪ್ಪನವರೂ ನಕ್ಕರು, ಆದರೆ ಅವರ ಮುಖ ಕೆಂಪಗಾಗಿತ್ತು.

ಅದಾದ ಸ್ವಲ್ಪ ದಿನಕ್ಕೆ ನನ್ನನ್ನು ಮೊಳಕಾಲ್ಮುರು ಕಡೆಯ ಕೆಲಸಕ್ಕೆ ಹಾಕಿದರು. ನಾನು ಚಳ್ಳಕೆರೆಗೆ ಮರಳಿ ಬಂದು ಟಾಕೀಸನ್ನು ನೋಡಲು ಹೋದಾಗ ಇಳಿಜಾರು ಇರಲಿಲ್ಲ. ಪರದೆಯ ಕಡೆಗೆ ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು, ನಿಂತವರ ಎದೆಯ ಎತ್ತರಕ್ಕೆ ತುಂಬಿ, ಮೇಲೆ ಕಡಪ ಕಲ್ಲು ಹಾಸಿ ನೆಲವನ್ನು ಸಮ ಮಾಡಿದ್ದರು. ಹೆಂಗಸರ ಬಾಗಿಲ ಬುಡ ಮಣ್ಣಿನಲ್ಲಿ ಮುಚ್ಚಿಹೋಗಿದ್ದರಿಂದ ಅದನ್ನು ಮೇಲಕ್ಕೆ ಒಡೆದು ಎತ್ತರಿಸಿ, ಹೊರಗಿನಿಂದ ಮೆಟ್ಟಿಲು ಕಟ್ಟಿದ್ದರು. ಆ ಬಾಗಿಲ ಮೇಲಿನ ಮೂಲೆಯಿಂದ ಒಂದು ಸಣ್ಣ ಬಿರುಕು ಓರೆಯಾಗಿ ಏರಿತ್ತು.

ಬಾಗಿಲು ಎತ್ತರಿಸುವಾಗ ಒಡೆದ ಪೆಟ್ಟಿನಿಂದ ಬಂದ ಬಿರುಕಿರಬಹುದು, ಹಾಗಾದರೆ ಅಪಾಯವಿಲ್ಲ. ಒಳಗೆ ತುಂಬಿದ ಮಣ್ಣು ಗೋಡೆಯನ್ನು ಹೊರಕ್ಕೆ ನೂಕುತ್ತಿರಬಹುದು, ಹಾಗಾದರೆ ಅಪಾಯ. ಎರಡರಲ್ಲಿ ಯಾವುದೆಂದು ತಿಳಿಯಲು ನಂಜುಂಡಯ್ಯನವರ ಅಪ್ಪಣೆಯಂತೆ ನಾನೇ ಗಾಜು ಕೂರಿಸಿದೆ. ಮಾರಕ್ಕ ಪಕ್ಕದಲ್ಲಿ ಸಿಮೆಂಟಿನ ಬಾಂಡ್ಲಿ ಹಿಡಿದು ನಿಂತಿದ್ದಳು.

“ಇದು ಸರ್ಕಾರದ ಗಾಜು ಮಾರಕ್ಕ. ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ. ಜೋಪಾನ.”

“ಆಗ್ಲಿ ಸಾರ್. ನನ್ನ ಮೇಲೆ ಬಿಡ್ರಿ.”

ಮುಂದಿನ ಪ್ರತಿ ಭೇಟಿಯಲ್ಲೂ, ಕೆಳಗೆ ನಿಂತು ನೋಡಿದಾಗ, ಗಾಜು ಇಡಿಯಾಗಿತ್ತು. ಧೂಳು ಸಹ ಇಲ್ಲದೆ ಹೊಳೆಯುತ್ತಿತ್ತು. ಬಿರುಕು ಹಳೆಯದೇ ಎಂದು ಮೇಲಿನ ಕಚೇರಿಗೆ ತಿಳಿಸಿದೆವು. ಮದುವೆಗಳು ನಡೆದವು.

ಮಾರಕ್ಕನ ಮಗ ಸೊಸೆ ತೀರಿಹೋಗಿದ್ದರು. ಮೊಮ್ಮಗಳು ಸುಜಾತಳನ್ನು ಅವಳೇ ಸಾಕಿದ್ದಳು. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವರ ಮನೆಯ ಹುಡುಗನೊಂದಿಗೆ ಸಂಬಂಧ ಗೊತ್ತಾಯಿತು. “ಮದುವೆ ನಮ್ಮ ಟಾಕೀಸಲ್ಲೇ ಆಗ್ಲಿ ಮಾರಕ್ಕ, ನೀನು ಕೇಳಬೇಕಾಗೇ ಇಲ್ಲ,” ಎಂದರು ರುದ್ರಪ್ಪನವರು. ನನ್ನನ್ನು ಕರೆಯಲು ಮಾರಕ್ಕ ಕಚೇರಿಗೇ ಬಂದಿದ್ದಳು. ಕುರ್ಚಿ ತೋರಿಸಿದರೆ ಕೂರಲಿಲ್ಲ.

“ಊರೋರ್ನೆಲ್ಲ ಆ ಬಾಗಿಲಲ್ಲಿ ಒಳಗೆ ಬಿಟ್ಟೀನಿ ಸಾರ್. ಒಂದು ದಿನ ನಾನೂ ಒಳಗೆ ಕುಂತ್ಕಬೇಕು. ಮುಂದಿನ ಸಾಲಲ್ಲೇ. ಅವತ್ತು ಬಾಗಿಲಿಗೆ ಯಾರನ್ನಾರ ನಿಲ್ಲಿಸ್ತೀನಿ, ನಾನು ಏಳಾಕಿಲ್ಲ.”

ಬೇರೆ ಏನನ್ನೂ ಅವಳು ಯಾರಲ್ಲೂ ಕೇಳಿದ್ದನ್ನು ನಾನು ಕಾಣೆ.

ಮದುವೆಯ ಹಿಂದಿನ ದಿನ ಬೆಳಿಗ್ಗೆ, ಏನಾದರೂ ಸಹಾಯ ಬೇಕೋ ನೋಡೋಣವೆಂದು ಹೋದೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಅಡಿಗೆಯವರು ಒಳಗೆ, ಪರದೆಯಿದ್ದ ಜಾಗದ ಹತ್ತಿರ, ನೀರಿನ ಡ್ರಮ್ಮುಗಳನ್ನು ತುಂಬಿಸುತ್ತಿದ್ದರು. ಪ್ರತಿ ಮದುವೆಯಲ್ಲೂ ಪಾತ್ರೆ ತೊಳೆಯುತ್ತಿದ್ದದ್ದು ಅಲ್ಲೇ ಎಂದು ನನಗೆ ಆಗ ಗೊತ್ತಾಯಿತು. ಚೆಲ್ಲಿದ ನೀರು ಕಲ್ಲುಗಳ ಸಂದಿಯಲ್ಲಿ ಕೆಳಗಿನ ಮಣ್ಣಿಗೆ ಇಂಗುತ್ತಿತ್ತು. ನೆಂದ ಮಣ್ಣು ಗೋಡೆಯನ್ನು ಇನ್ನೂ ಜೋರಾಗಿ ನೂಕುತ್ತದೆ. ನಾನು ಹೆಂಗಸರ ಬಾಗಿಲಿನ ಕಡೆ ನಡೆದೆ.

ಮಾರಕ್ಕ ಸ್ಟೂಲಿನ ಮೇಲೆ ನಿಂತಿದ್ದಳು. ಕೈಯಲ್ಲಿ ಗಾಜಿನ ಪಟ್ಟಿ. ಕಾಲ ಬಳಿ ತಗಡಿನ ಡಬ್ಬಿಯಲ್ಲಿ ಮೈದಾ ಅಂಟು, ಹಿಂದೆ ಸಿನಿಮಾ ಪೋಸ್ಟರ್ ಅಂಟಿಸುತ್ತಿದ್ದ ಅದೇ ಬ್ರಷ್ಷು.

“ಬಂದ್ರಾ ಸಾರ್? ನಿಮ್ಮ ಕಣ್ಣಿಗೆ ಬೀಳೋದ್ರೊಳಗೆ ಅಂಟಿಸಬೇಕು ಅಂತಿದ್ದೆ. ನಿಲ್ಲಂಗೇ ಇಲ್ಲ ನೋಡ್ರಿ ಇದು. ಮೊದಲು ತಿಂಗಳಿಗೊಂದು ಸರ್ತಿ ಜಾರ್ತಿತ್ತು. ಈಗ ವಾರಕ್ಕೇ ಜಾರಿ ಬೀಳ್ತೈತೆ.”

ನಾನು ಬಿರುಕಿನ ಹತ್ತಿರ ಹೋಗಿ ನೋಡಿದೆ. ಆಮೇಲೆ, “ಮೊದಲ ಗಾಜು ಏನಾಯಿತು?” ಎಂದು ಕೇಳಿದೆ.

“ಅದು ನೀವು ಹಾಕಿದ ಸ್ವಲ್ಪ ದಿನಕ್ಕೇ ಒಡೀತು. ನಾನು ಮುಟ್ಟಿಲ್ಲ ಸಾರ್, ನಮ್ಮವ್ವನಾಣೆ. ತಾನೇ ಒಡೀತು. ಸರ್ಕಾರದ ವಸ್ತು, ನನ್ನ ಜೋಪಾನದಾಗೆ ಕೊಟ್ಟೀರಿ. ಫೋಟೋಕ್ಕೆ ಕಟ್ಟು ಹಾಕ್ತಾನಲ್ಲ, ಅವನ ತಾವ ಅದೇ ಅಳತೆಗೆ ಕೊಯ್ಸಿಕೊಂಡು ಬಂದೆ. ಒಂದು ದಿನಾನೂ ಬರಿದಾಗಿ ಬಿಟ್ಟಿಲ್ಲ.”

ಅವಳ ದನಿಯಲ್ಲಿ ಹೆಮ್ಮೆಯಿತ್ತು.

ನಾನು ತೂಗುಗುಂಡು ತರಿಸಿದೆ. ಹೊರಗಿನಿಂದ ಇಳಿಬಿಟ್ಟೆ. ದಾರ ಮೇಲೆ ಗೋಡೆಯಿಂದ ಒಂದು ಗೇಣು ದೂರ ಇದ್ದದ್ದು ಕೆಳಗೆ ಬರುತ್ತಾ ಗೋಡೆಗೆ ತಾಗಿತು. ತುಂಬಿದ ಮಣ್ಣಿನ ಎತ್ತರದಲ್ಲಿ ಗೋಡೆ ಹೊಟ್ಟೆ ಬಿಟ್ಟಿತ್ತು. ಆ ಹೊಟ್ಟೆಯ ಮೇಲೆ ಅಂಗೈ ಇಟ್ಟೆ. ಕಲ್ಲು ತಣ್ಣಗೆ ಒದ್ದೆಯಾಗಿತ್ತು. ಹೊರಗೆ ಬಿಸಿಲಿತ್ತು.

ರುದ್ರಪ್ಪನವರನ್ನು ಕರೆಸಿ ತೋರಿಸಿದೆ. ಅವರು ಗೋಡೆಯನ್ನೂ ನನ್ನನ್ನೂ ನೋಡಿದರು. “ಒಂದು ದಿನದ ಮಾತು, ಸಾರ್. ಊರಿಗೆಲ್ಲ ಹೇಳಿಬಿಟ್ಟೀವಿ. ನಾಳೆ ಒಂದು ದಿನ ನಿಲ್ಲಾಕಿಲ್ವಾ ಇದು?”

“ನಿಲ್ಲಬಹುದು. ನಿಲ್ಲದೆಯೂ ಇರಬಹುದು. ನನಗೆ ಗೊತ್ತಿಲ್ಲ. ಗೊತ್ತಿಲ್ಲದ ಗೋಡೆಯ ಪಕ್ಕ ಮಕ್ಕಳನ್ನು ಊಟಕ್ಕೆ ಕೂರಿಸಬೇಡಿ.”

ಅವರು ಅಡಿಗೆಯವರನ್ನು ಹೊರಗೆ ಕಳಿಸಲು ಒಳಗೆ ಹೋದರು. ಮಾರಕ್ಕನಿಗೆ ಹೇಳುವುದು ನನಗೆ ಬಿತ್ತು. ಗಾಜು ಯಾತಕ್ಕೆ ಎಂಬುದನ್ನು ಮೊದಲ ಸಲ ಅವಳಿಗೆ ಹೇಳಿದೆ. ಅವಳು ಸ್ಟೂಲಿನಿಂದ ಇಳಿದು ಕೂತಿದ್ದಳು. ಗಾಜು ಇನ್ನೂ ಕೈಯಲ್ಲೇ ಇತ್ತು.

“ಒಡೀಲಿ ಅಂತಾನೇ ಹಾಕಿದ್ದಾ?”

“ಹೌದು.”

“ಒಡೆದ್ರೆ ನಿಮಗೆ ಹೇಳಬೇಕಿತ್ತಾ?”

“ಹೌದು. ಅದನ್ನು ನಾವು ನಿಮಗೆ ಹೇಳಿರಲಿಲ್ಲ.”

ಅವಳು ಗಾಜಿಗೆ ಹತ್ತಿದ್ದ ಅಂಟನ್ನು ಒರೆಸಿದಳು. ಆಮೇಲೆ ಅದನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಎರಡೂ ಬಾಗಿಲು ಮುಚ್ಚಿದಳು. ಮುಂಬಾಗಿಲಿಗೆ ಬೀಗ ಹಾಕಿ ಅದರ ಮುಂದೆ ನಿಂತಳು.

ಮಧ್ಯಾಹ್ನ ಮೊಳಕಾಲ್ಮುರಿನಿಂದ ಗಂಡಿನ ಕಡೆಯವರು ಲಾರಿಯಲ್ಲಿ ಬಂದಿಳಿದರು. ಹುಡುಗನ ಸೋದರಮಾವ, ತೆಲುಗು ಕನ್ನಡ ಎರಡೂ ಬೆರೆಸಿ ಮಾತಾಡುವ ಜೋರಿನ ಮನುಷ್ಯ, ನೇರವಾಗಿ ಬಾಗಿಲಿಗೆ ಬಂದರು.

“ಏಮಮ್ಮಾ, ಬೀಗರನ್ನ ಬಿಸಿಲಾಗೆ ನಿಲ್ಲಿಸೋದು ಯಾವೂರ ಮರ್ಯಾದೆ? ತೆಗಿಯಮ್ಮಾ ಬಾಗಿಲು.”

“ಹೌಸ್‌ಫುಲ್ ಆಗೈತೆ, ಬೀಗ್ರೆ.”

“ಏಮಿ?”

“ಹೌಸ್‌ಫುಲ್. ಒಳಗೆ ಜಾಗ ಇಲ್ಲ.”

“ಒಳಗೆ ಒಂದು ನೊಣ ಇಲ್ವಲ್ಲಮ್ಮಾ! ಕಿಟಕಿಯಾಗೆ ಕಾಣ್ತೈತೆ.”

“ನಿಮಗೆ ಕಾಣ್ತೈತೆ. ಬಾಗಿಲಿಗೆ ನಿಂತಿರೋಳು ನಾನು. ನಾನು ತುಂಬೈತೆ ಅಂದ್ರೆ ತುಂಬೈತೆ. ಆ ಹೊಂಗೆ ಮರದ ಕೆಳಗೆ ಕುಂತ್ಕಳ್ರಿ, ಪಾನಕ ತರ್ತಾರೆ.”

ಅವಳು ನಗುತ್ತಲೇ ಹೇಳಿದಳು. ಹಿಂದೆ ಟಿಕೀಟು ಸಿಗದೆ ಜಗಳಕ್ಕೆ ಬಂದವರ ಹತ್ತಿರ ಹೀಗೆಯೇ ನಗುತ್ತಿದ್ದಳೆಂದು ರುದ್ರಪ್ಪನವರು ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ ಅವರೇ ಪಂಚೆ ಎತ್ತಿ ಕಟ್ಟಿ, ಶಾಮಿಯಾನದ ಗಳ ಹೊತ್ತರು. ಟಾಕೀಸಿನ ಮುಂದೆ, ಹಿಂದೆ ಟಿಕೀಟಿನ ಸಾಲು ನಿಲ್ಲುತ್ತಿದ್ದ ಬಯಲಿನಲ್ಲಿ, ಗೋಡೆಯಿಂದ ಸಾಕಷ್ಟು ದೂರಕ್ಕೆ ಚಪ್ಪರ ಎದ್ದಿತು. ಮರುದಿನ ಅಲ್ಲೇ ಧಾರೆಯಾಯಿತು. ಸುಜಾತ ಗಂಡನ ಮನೆಯವರೇ ನೇಯ್ದ ಹಸಿರು ಸೀರೆ ಉಟ್ಟಿದ್ದಳು. ಮಾರಕ್ಕನಿಗೆ ಚಪ್ಪರದ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದೆವು. ಅದು ಖಾಲಿಯಾಗಿಯೇ ಇತ್ತು. ಅವಳು ಬೀಗ ಹಾಕಿದ ಬಾಗಿಲನ್ನು ಬಿಟ್ಟು ಕದಲಲಿಲ್ಲ. ಆಟವಾಡುತ್ತಾ ಆ ಕಡೆ ಓಡಿಬಂದ ಮಕ್ಕಳನ್ನು ತಿರುಗಿಸಿ ಕಳಿಸುತ್ತಿದ್ದಳು. ಅಕ್ಷತೆಯನ್ನು ಅಲ್ಲಿಂದಲೇ ಎಸೆದಳು. ಅಷ್ಟು ದೂರಕ್ಕೆ ಅದು ಬೀಳಲಿಲ್ಲ. ಸುಜಾತ ಅದನ್ನು ಕಂಡು ಹಸೆಯಿಂದ ಎದ್ದು, ಗಂಡನ ಕೈ ಹಿಡಿದುಕೊಂಡೇ ಬಾಗಿಲವರೆಗೆ ನಡೆದುಬಂದು ಅಜ್ಜಿಯ ಕಾಲಿಗೆ ಬಿದ್ದಳು.

ಆ ದಿನ ಗೋಡೆ ಬೀಳಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಲಾರಿ ಹತ್ತುವಾಗ ಸೋದರಮಾವ ನನ್ನ ಹೆಗಲು ತಟ್ಟಿ, “ಏಮಪ್ಪಾ ಇಂಜಿನೀರು, ಗೋಡ ಪಡಲೇದು ಕದಾ?” ಎಂದರು. ಗೋಡೆ ಬೀಳಲಿಲ್ಲವಲ್ಲ ಎಂದು. ಸುತ್ತ ಇದ್ದವರು ನಕ್ಕರು. ಈ ಕೆಲಸಕ್ಕೆ ಬರುವವರು ಇದಕ್ಕೆ ಸಿದ್ಧರಾಗಿರಬೇಕು: ನೀವು ಮಾಡಿದ್ದು ಸರಿಯಾಗಿದ್ದರೆ ಹೆಚ್ಚಿನ ಸಲ ಏನೂ ಆಗುವುದಿಲ್ಲ, ಏನೂ ಆಗದ್ದನ್ನು ಯಾರಿಗೂ ತೋರಿಸಲಾಗುವುದಿಲ್ಲ.

ಕೆಲವು ದಿನಗಳ ಮೇಲೆ ಗೋಡೆ ಇಳಿಸುವ ಕೆಲಸ ಶುರುವಾಯಿತು. ಮೊದಲು ತಗಡು, ತೊಲೆಗಳನ್ನು ತೆಗೆದರು. ಒಂದು ಮಧ್ಯಾಹ್ನ ಕೂಲಿಯವರು ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು. ನಾನೂ ಅಲ್ಲಿದ್ದೆ. ಯಾರೂ ಮುಟ್ಟಿರಲಿಲ್ಲ. ಹೆಂಗಸರ ಬಾಗಿಲಿನ ಎರಡೂ ಕಡೆಯ ಗೋಡೆ ನಿಧಾನವಾಗಿ ಹೊರಕ್ಕೆ ಬಾಗಿ, ಮಲಗಿತು. ನಾನು ನಿರೀಕ್ಷಿಸಿದಷ್ಟು ಸದ್ದಾಗಲಿಲ್ಲ. ಅದರ ಹಿಂದೆಯೇ ಒಳಗಿನ ಮಣ್ಣು, ಕಲಸಿದ ಹಿಟ್ಟಿನಂತೆ ಒದ್ದೆಯಾಗಿದ್ದದ್ದು, ಕಡಪ ಕಲ್ಲುಗಳನ್ನು ಹೊತ್ತುಕೊಂಡೇ ಜಾರಿ ಹೊರಗೆ ಬಂತು. ಎಲೆ ಹಾಕುತ್ತಿದ್ದ ಸಾಲುಗಳ ಜಾಗ ಅದು. ಧೂಳು ಇಳಿಯುವವರೆಗೂ ಯಾರೂ ಬಾಯಲ್ಲಿಟ್ಟ ತುತ್ತು ನುಂಗಲಿಲ್ಲ.

ಕಟ್ಟಡದ ಮುಂದಿನ ಕಥೆ ಚಿಕ್ಕದು. ಮಣ್ಣು ಹೊರಗೆ ಹಾಕಿ, ಹಿಂದಿನ ಅರ್ಧವನ್ನು ಮಾತ್ರ ಉಳಿಸಿ, ಅಡ್ಡಗೋಡೆ ಕಟ್ಟಿದರು. ಕುದಾಪುರದ ಕಡೆ ದೊಡ್ಡ ದೊಡ್ಡ ಸಂಸ್ಥೆಗಳ ಕಟ್ಟಡ ಏಳತೊಡಗಿದಾಗ ಅದು ಸಿಮೆಂಟು ಕಬ್ಬಿಣದ ಮಳಿಗೆಯಾಯಿತು. ನಮ್ಮ ಕಚೇರಿಯ ಪದ್ಧತಿಯೂ ಬದಲಾಯಿತು. ನಂಜುಂಡಯ್ಯನವರು ಇಡೀ ಸಂಗತಿಯನ್ನು ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಇನ್ನು ಎಲ್ಲರಿಗೂ ಹೇಳಿಬಿಡಿ. ಕಾವಲಿನವರಿಗೆ, ಕಸ ಗುಡಿಸುವವರಿಗೆ, ಎಲ್ಲರಿಗೂ. ಒಬ್ಬ ಮೋಸ ಮಾಡಿದರೆ ಮಾಡಲಿ,” ಎಂದರು. ಆ ಮಾತನ್ನೇ ನಿಮಗೂ ದಾಟಿಸುತ್ತಿದ್ದೇನೆ.

ಗೋಡೆ ಬಿದ್ದ ಮರುದಿನ ಬೆಳಿಗ್ಗೆ ನಾನು ಹೋದಾಗ ಮಾರಕ್ಕ ಆ ಕಲ್ಲುಗಳ ಹತ್ತಿರ ಕೂತಿದ್ದಳು. ಅತ್ತಿದ್ದಳೆಂದು ಕಣ್ಣುಗಳು ಹೇಳುತ್ತಿದ್ದವು. ನಾನು ಪಕ್ಕದ ಕಲ್ಲಿನ ಮೇಲೆ ಕೂತೆ.

“ನಾನು ಅಂಟಿಸಿದ ಮೇಲೆ ಎಷ್ಟೊಂದು ಮದುವೆ ಆದ್ವು ಸಾರ್. ರಾತ್ರಿಯೆಲ್ಲ ಒಂದೊಂದೇ ನೆನೆಸ್ಕಂಡೆ. ಕೊಂಡ್ಲಹಳ್ಳಿ ಹುಡುಗೀದು. ಎಣ್ಣೆ ಗಾಣದೋರ ಮಗಂದು. ಆ ಅವಳಿ ಮಕ್ಕಳ ತಾಯಿ ಇದ್ಲಲ್ಲ, ಅವಳ ತಂಗೀದು. ಎಲ್ಲಾ ಅಲ್ಲೇ ಕುಂತು ಉಂಡವ್ರೆ.”

ಅವಳು ನನ್ನ ಕಡೆ ತಿರುಗಿದಳು.

“ನೀವು ಸುಳ್ಳು ಹೇಳಬ್ಯಾಡ್ರಿ. ನಾನು ಒಳಗೆ ಬಿಟ್ಟೋರೆಲ್ಲಾ ಹೊರಗೆ ಬಂದಾರಲ್ಲ?”

“ಬಂದಿದ್ದಾರೆ, ಮಾರಕ್ಕ.”

“ಎಲ್ಲಾರೂ?”

“ಎಲ್ಲರೂ.”

ಅವಳು ಒಮ್ಮೆ ಉಸಿರು ಬಿಟ್ಟಳು. ಎದ್ದು, ಸೀರೆಗೆ ಹತ್ತಿದ್ದ ಕೆಂಪು ಮಣ್ಣನ್ನು ಕೊಡವಿಕೊಂಡು, ಕೂಲಿಯವರಿಗೆ ನೀರು ತರಲು ಬಿಂದಿಗೆ ಎತ್ತಿಕೊಂಡಳು.